ಗದ್ದದ ಮೇಲಿನ ಮೂರು ಬಟ್ಟು

ಬೀದರಿನ ಚೌಬಾರಾ ಗೋಪುರದ ಹಿಂದಿನ ಗಲ್ಲಿಯಲ್ಲಿದ್ದ ಆ ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿದಾಗ ನನಗೆ ಇಪ್ಪತ್ತೆರಡು ವರ್ಷ. ಭಾಲ್ಕಿಯಲ್ಲಿ ಬಿ.ಎ. ಮುಗಿಸಿ, ಬಸ್ ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ಕ್ಲಾಸಿನಲ್ಲಿ ಆರು ತಿಂಗಳು ಕೂತು, ಫೋಟೋ ತಿದ್ದುವುದನ್ನು ಅರ್ಧಂಬರ್ಧ ಕಲಿತಿದ್ದೆ. ಮನೆಯಲ್ಲಿ ಮದುವೆಯ ಮಾತು ನಡೆದಿತ್ತು. ಅಪ್ಪ ಮಾತ್ರ, ‘ಕಲತದ್ದು ಕೈಯಾಗ ಹತ್ತಲಿ, ಒಂದು ವರ್ಷ ಹೋಗಿ ಬರಲಿ’ ಅಂದರು. ಒಂದು ವರ್ಷ ಅಂದದ್ದು ಏಳು ವರ್ಷವಾಯಿತು. ದಿನಾ ಬೆಳಿಗ್ಗೆ ಭಾಲ್ಕಿಯಿಂದ ಪ್ಯಾಸೆಂಜರ್ ಗಾಡಿ ಹಿಡಿಯುವುದು, ಮಡಿಲಲ್ಲಿ ರೊಟ್ಟಿ ಗಂಟು, ಕಿಟಕಿಯಾಚೆ ತೊಗರಿ ಹೊಲ, ಬೀದರ ಬಂತೆಂದು ಹೇಳುವ ಕೆಂಪು ಮಣ್ಣು. ಈಗಲೂ ಆ ಗಾಡಿಯ ಸದ್ದು ಕೇಳಿದರೆ ನನ್ನ ಕೈ ತಂತಾನೇ ಚಪ್ಪಲಿ ಹುಡುಕುತ್ತದೆ.

ಸ್ಟುಡಿಯೋದ ಮಾಲಕರನ್ನು ಗಲ್ಲಿಯವರೆಲ್ಲ ಕಾಕಾ ಅನ್ನುತ್ತಿದ್ದರು. ನಾನೂ ಹಾಗೇ ಕರೆದೆ. ಐವತ್ತೈದು ದಾಟಿದವರು. ಮೂವತ್ತು ವರ್ಷ ನೆಗೆಟಿವ್‌ಗಳ ಮೇಲೆ ಸಣ್ಣ ಪೆನ್ಸಿಲ್ ಆಡಿಸಿ, ಜನರ ಮುಖದ ಮೊಡವೆ, ಸಿಡುಬಿನ ಕಲೆ ಅಳಿಸಿದವರು. ಡಿಜಿಟಲ್ ಕ್ಯಾಮೆರಾ ಬಂದಾಗ ಧೈರ್ಯ ಮಾಡಿ ಕೊಂಡರು, ಕಂಪ್ಯೂಟರನ್ನೂ ತಂದಿಟ್ಟರು. ಆದರೆ ಮೌಸ್ ಅವರ ಕೈಗೆ ಒಗ್ಗಲೇ ಇಲ್ಲ. ‘ಪೆನ್ಸಿಲ್ ನಾ ಹೋಗಂದ ಕಡಿ ಹೋಗ್ತದ. ಇದು ತಾ ಹೋದ ಕಡಿ ನನ್ನ ಎಳಕೊಂಡು ಹೋಗ್ತದ’ ಅನ್ನುತ್ತಿದ್ದರು. ಹಾಗಾಗಿ ಫೋಟೋ ತೆಗೆಯುವುದು ಅವರು, ತಿದ್ದುವುದು ನಾನು. ನಾನು ತಿದ್ದುವಾಗ ಕುರ್ಚಿಯ ಹಿಂದೆ ನಿಂತು, ಕನ್ನಡಕ ಹಣೆಗೇರಿಸಿ ನೋಡುತ್ತಿದ್ದರು. ಏನೂ ಹೇಳುತ್ತಿರಲಿಲ್ಲ. ಕೆಮ್ಮಿದರೆ ಏನೋ ತಪ್ಪಿದೆ ಅಂತ ಅರ್ಥ.

ಕಂಪ್ಯೂಟರು ಬಹಳ ನಿಧಾನ. ಒಂದು ದೊಡ್ಡ ಫೋಟೋ ತೆರೆದು ಚಹಾ ಕುಡಿದು ಬರಬಹುದಿತ್ತು. ಕರೆಂಟ್ ಹೋದರೆ ಮೇಜಿನ ಕೆಳಗಿನ ಯುಪಿಎಸ್ ಕಿರುಚತೊಡಗುತ್ತಿತ್ತು. ಅದರ ಉಸಿರು ನಿಲ್ಲುವುದರೊಳಗೆ ಮಾಡಿದ ಕೆಲಸ ಉಳಿಸಬೇಕು. ಆ ಭಯಕ್ಕೆ ನನಗೊಂದು ಚಟ ಹತ್ತಿತ್ತು. ಎರಡು ನಿಮಿಷಕ್ಕೊಮ್ಮೆ ಬೆರಳು ಸೇವ್ ಒತ್ತಿಬಿಡುತ್ತಿತ್ತು, ಹಳೆಯದರ ಮೇಲೆಯೇ.

ಬಂದವರೆಲ್ಲ ಕೇಳುತ್ತಿದ್ದುದು ಹೆಚ್ಚು ಕಮ್ಮಿ ಒಂದೇ. ‘ಬಣ್ಣ ಜರಾ ತಿಳಿ ಮಾಡ್ರಿ’, ‘ಹುಡುಗಗ ಕೋಟ್ ಹಾಕ್ರಿ’, ‘ಕಣ್ಣು ಮುಚ್ಚ್ಯಾವ, ತಗೀಲಿಕ್ಕೆ ಬರ್ತದೇನ್ರಿ?’ ವರ ನೋಡಲು ಕಳಿಸುವ ಹುಡುಗಿಯರ ಫೋಟೋಗಳನ್ನು ನಾನು ಎಷ್ಟು ತಿಳಿ ಮಾಡಿದ್ದೇನೋ! ಪಕ್ಕದ ಚರ್ಮವನ್ನು ಎತ್ತಿ ಕಲೆಯ ಮೇಲೆ ಕೂರಿಸುವ ಒಂದು ಉಪಾಯವಿತ್ತು. ಅದು ಕೈಗೆ ಬಂದ ಮೇಲೆ ನನಗೆ ಸಣ್ಣ ಗರ್ವವೇ ಬಂತು. ಯಾರ ಮುಖ ನೋಡಿದರೂ, ಬಸ್ಸಿನಲ್ಲಿ ಎದುರು ಕೂತವರದ್ದಾದರೂ, ಮನಸ್ಸಿನಲ್ಲೇ ತಿದ್ದುತ್ತಿದ್ದೆ.

ಅಂಥ ದಿನಗಳಲ್ಲಿ ಎಕಂಬಾದ ಟೀಚರ್ ಒಬ್ಬರು ತಮ್ಮ ತಾಯಿಯನ್ನು ಕರೆದುಕೊಂಡು ಬಂದರು. ಔರಾದ ತಾಲೂಕಿನ ಸರ್ಕಾರಿ ಶಾಲೆಯಲ್ಲಿ ಕಲಿಸುವವರು. ನಮ್ಮ ಕಡೆ ಟೀಚರಮ್ಮನಿಗೆ ಬಾಯಿ ಅನ್ನುತ್ತೇವೆ. ತಾಯಿಗೆ ಎಪ್ಪತ್ತರ ಮೇಲಿರಬೇಕು. ಕಣ್ಣಿನ ಪೊರೆ ತೆಗೆಸಿ ತಿಂಗಳಾಗಿತ್ತು, ಅಂದು ಡಾಕ್ಟರಿಗೆ ತೋರಿಸಿ ಬಂದಿದ್ದರು.

‘ನಮ್ಮವ್ವಂದು ಒಂದೂ ಫೋಟೋ ಇಲ್ರಿ. ದೊಡ್ಡದು ಮಾಡಿ ಫ್ರೇಮ್ ಹಾಕಿ ಕೊಡ್ರಿ’ ಅಂದರು ಬಾಯಿ.

ಮುದುಕಿ ಸ್ಟೂಲಿನ ಮೇಲೆ ಕೂತು ಕಾಕಾನನ್ನು ಗದರಿದಳು. ‘ಲಗೂನ ತಗೀರಿ. ಬಸ್ ಹೋಗ್ತದ.’

ಫೋಟೋ ತೆಗೆದಾಯಿತು. ಅವರು ಹೋದ ಮೇಲೆ ನಾನು ಕೆಲಸಕ್ಕೆ ಕೂತೆ. ಹಣೆಯ ಗೆರೆ, ಕಣ್ಣ ಕೆಳಗಿನ ಚೀಲ, ಕೆನ್ನೆಯ ಮಡಿಕೆ, ಒಂದೊಂದಾಗಿ ನಯ ಮಾಡಿದೆ. ಕುತ್ತಿಗೆಯ ನರ ಇಳಿಸಿದೆ. ಗದ್ದದ ಮೇಲೆ ಮೂರು ಗುರುತುಗಳಿದ್ದವು. ಎರಡು ಮಾಸಿ ಹಸಿರುಗಪ್ಪಾಗಿ, ಚರ್ಮಕ್ಕೆ ಹತ್ತಿದ ಕಲೆಯಂತೆ ಕಾಣುತ್ತಿದ್ದವು, ಅಳಿಸಿದೆ. ನಡುವಿನದು ಕಪ್ಪಗೆ ದುಂಡಗಿತ್ತು, ದೃಷ್ಟಿಬೊಟ್ಟಿನಂತೆ ಚೆಂದ ಕಂಡಿತು, ಅದನ್ನು ಬಿಟ್ಟೆ. ಮುಗಿಸಿದಾಗ ಪರದೆಯ ಮೇಲೆ ನಲವತ್ತರ ಹೆಣ್ಣುಮಗಳು ಕೂತಿದ್ದಳು. ನಾನು ಹಿಗ್ಗಿದೆ. ಕಾಕಾ ಫೋಟೋ ತೆಗೆದವರೇ ಒಂದು ಮದುವೆಗೆ ಹೊರಟುಹೋಗಿದ್ದರು, ಹಿಂದೆ ನಿಂತು ಕೆಮ್ಮುವವರು ಯಾರೂ ಇರಲಿಲ್ಲ.

ವಾರದ ಮೇಲೆ ಬಾಯಿ ಗಡಿಬಿಡಿಯಲ್ಲಿ ಬಂದು, ಪೇಪರಿನಲ್ಲಿ ಸುತ್ತಿದ್ದ ಫ್ರೇಮನ್ನು ಬಿಚ್ಚಿಯೂ ನೋಡದೆ ಒಯ್ದರು. ಮತ್ತೆ ಹತ್ತು ದಿನಕ್ಕೆ ಒಬ್ಬರೇ ಬಂದು ನನ್ನ ಮೇಜಿನ ಎದುರು ಕೂತರು.

‘ತಂಗಿ, ಒಂದು ಮಾತು ಕೇಳ್ತೇನಿ, ಸಿಟ್ಟಿಗೇಳಬ್ಯಾಡ. ಫೋಟೋದಾಗ ಏನಾರ ತಗದೀ ಏನು?’

‘ಸುಕ್ಕು ತಗದೀನ್ರಿ ಬಾಯಿ. ಎಲ್ಲಾರಿಗೂ ತಗೀತೇನಿ.’

‘ಸುಕ್ಕಿಂದಲ್ಲ. ನಮ್ಮವ್ವನ ಗದ್ದದ ಮ್ಯಾಲ ಮೂರು ಹಚ್ಚಿಬಟ್ಟು ಅವ. ಫೋಟೋದಾಗ ಒಂದೇ ಅದ. ಇದು ನಂದಲ್ಲ, ನನ್ನ ತಂಗೀದು ಅಂತಾಳ ಆಕಿ. ಒಯ್ದ ದಿನದಿಂದ ಅದರ ಮುಂದ ಕುಂತು ಮಾತಾಡ್ಲಿಕ್ಕತ್ಯಾಳ. ನನಗ ಅಂಜಿಕಿ ಆಗ್ಯದ.’

ಮೊದಲಿನ ಫೋಟೋ ಹುಡುಕಿದೆ. ಇರಲಿಲ್ಲ. ತಿದ್ದಿದ್ದನ್ನು ನಾನು ಹಳೆಯದರ ಮೇಲೆಯೇ ಉಳಿಸಿದ್ದೆ. ಕ್ಯಾಮೆರಾದ ಕಾರ್ಡನ್ನು ಅದೇ ವಾರದ ಮದುವೆಗೆಂದು ಖಾಲಿ ಮಾಡಿದ್ದೆವು. ಅಳಿಸಿದ ಎರಡು ಬಟ್ಟುಗಳನ್ನು ಮತ್ತೆ ಬರೆದು ಕೂರಿಸಬಹುದಿತ್ತು, ಆದರೆ ಅವು ಎಲ್ಲಿದ್ದವು, ಎಷ್ಟು ಮಾಸಿದ್ದವು, ನೆನಪಿರಲಿಲ್ಲ. ಮುಖವನ್ನು ನೋಡಿಯೇ ಇರಲಿಲ್ಲ ನಾನು, ಕಲೆಗಳನ್ನಷ್ಟೇ ನೋಡಿದ್ದೆ.

ಕಾಕಾ ಒಳಗಿನಿಂದ ಬಂದು, ‘ಅಸಲು ಎಲ್ಲದ?’ ಅಂದರು.

‘ಇಲ್ರಿ ಕಾಕಾ.’

ಬೈಯುತ್ತಾರೆ ಅಂದುಕೊಂಡೆ. ಅವರು ಸುಮ್ಮನೆ ಕನ್ನಡಕ ಒರೆಸಿದರು. ‘ನಾ ಪೆನ್ಸಿಲ್ ತಪ್ಪಿದ್ರ ನೆಗೆಟಿವ್ ಒರಸಿ ಮತ್ತ ಸುರು ಮಾಡ್ತಿದ್ದೆ. ನಿನ್ನ ಈ ಡಬ್ಬಿಗೆ ಒರಸೂದು ಬರಂಗಿಲ್ಲೇನು?’ ಅಂದು, ಬಾಯಿಯ ಕಡೆ ತಿರುಗಿದರು. ‘ಬಾಯಾರೆ, ಆ ವಯಸ್ಸಿನಾಗ ನಿಮ್ಮವ್ವನ್ನ ಮತ್ತ ಬೀದರಕ ಎಳೀಬ್ಯಾಡ್ರಿ. ಐತವಾರ ಈಕಿನ್ನೇ ಕಳಸ್ತೇನಿ, ಕ್ಯಾಮೆರಾ ಕೊಟ್ಟು.’

‘ನಾನು ಫೋಟೋ ಎಂದೂ ತಗದಿಲ್ರಿ’ ಅಂದೆ.

‘ಹಂಗಾರ ತಗಿ.’

ಶನಿವಾರ ಪೂರ್ತಿ ನನಗೆ ಪಾಠ. ಬಿಸಿಲಿನಲ್ಲಿ ಕೂರಿಸಬೇಡ, ಬಾಗಿಲ ಒಳಗೆ ಕೂರಿಸಿ ಹೊರಗಿನ ಬೆಳಕು ಮುಖದ ಒಂದು ಕಡೆಗೆ ಬೀಳಲಿ. ಮುದುಕರ ಮುಂದೆ ಅವಸರ ಮಾಡಬೇಡ. ಮಾತಾಡುತ್ತಾ ಇರಲಿ, ಮಾತು ಮುಗಿದ ಕೂಡಲೆ ಒತ್ತು. ಕೊನೆಯದು ನನಗೆ ಬಹಳ ಕಾಲ ಉಪಯೋಗಕ್ಕೆ ಬಂದಿದೆ.

ಐತವಾರ ಬೀದರಿನಿಂದ ಔರಾದದ ಬಸ್ಸು, ಅಲ್ಲಿಂದ ಎಕಂಬಾಕ್ಕೆ ಇನ್ನೊಂದು. ಕ್ಯಾಮೆರಾ ಚೀಲವನ್ನು ಕೂಸಿನಂತೆ ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಬೀದರಿನ ಕೆಂಪು ಮುರುಮ ಮಣ್ಣು ಹಿಂದೆ ಉಳಿದು ಕಪ್ಪು ಎರೆ ಹೊಲಗಳು ಬಂದವು, ತೊಗರಿ ಹೂವಾಗಿತ್ತು. ಬಸ್ಸಿನಲ್ಲಿ ಅರ್ಧ ಮಾತು ಮರಾಠಿ. ಇಳಿದಾಗ ಬಾಯಿ ನನಗಾಗಿ ಕಾಯುತ್ತಿದ್ದರು.

ಮನೆ ಊರಿನ ಅಂಚಿಗಿತ್ತು. ಪಡಸಾಲೆಯ ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗಿನ ಗೂಡಿನಲ್ಲಿ ನಾನು ತಿದ್ದಿದ ಫೋಟೋ. ಅದರ ಮುಂದೆ ಒಂದು ಚೆಂಡುಹೂ. ಮುದುಕಿ ಮೊರದಲ್ಲಿ ಉದ್ದು ಹಸನು ಮಾಡುತ್ತಿದ್ದವಳು ತಲೆಯೆತ್ತಿದಳು.

‘ನನ್ನ ತಂಗೀನ್ನ ತಂದಾಕಿ ನೀನೇ ಏನವ್ವಾ?’

ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತು ಒಂದೂ ನೆನಪಾಗಲಿಲ್ಲ. ಅವಳ ಪಕ್ಕ ಕೂತು, ‘ಆಯಿ, ನಂದು ತಪ್ಪಾಗ್ಯದ್ರಿ. ಅದು ನೀವೇ. ನಾನೇ ಎರಡು ಬಟ್ಟು ಅಳಿಸೀನಿ’ ಅಂದೆ.

ಮುದುಕಿ ನಕ್ಕಳು. ‘ನನಗ ತಿಳೀವಲ್ದೇನು? ಸೀರಿ ನಂದು, ಕೊರಳಾಗಿನ ಸರ ನಂದು. ನನ್ನ ಮಗಳು ನನಗ ಹುಚ್ಚು ಹಿಡದದ ಅಂತ ತಿಳದಾಳ. ಹುಚ್ಚೇನಿಲ್ಲ. ಹೊಸಾ ಕಣ್ಣು ಬಂದಾವಲ್ಲ, ಛಲೋ ಕಾಣ್ತದ. ಕಂಡಿದ್ದು ಹೇಳ್ದೆ.’

ಆಮೇಲೆ ಮೊರ ಪಕ್ಕಕ್ಕಿಟ್ಟು ಹೇಳಿದಳು. ಅವಳಿಗೆ ಹತ್ತು, ತಂಗಿಗೆ ಎಂಟಿರಬಹುದಾದಾಗ ಊರಿಗೆ ಹಚ್ಚೆ ಹಾಕುವವಳು ಬಂದಿದ್ದಳಂತೆ. ತಾಯಿ ಇಬ್ಬರನ್ನೂ ಬೇವಿನ ಮರದ ಕೆಳಗೆ ಕೂರಿಸಿದಳು. ಅಕ್ಕ ಹಲ್ಲು ಕಚ್ಚಿ ಮೂರೂ ಬಟ್ಟು ಹಾಕಿಸಿಕೊಂಡಳು. ತಂಗಿ ಒಂದು ಬಟ್ಟಿಗೇ ಚೀರಿ, ಹಚ್ಚೆಯವಳ ಕೈ ಕಚ್ಚಿ ಜೋಳದ ಹೊಲಕ್ಕೆ ಓಡಿದಳು.

‘ಸಂಜಿತನಕ ಬರ್ಲಿಲ್ಲ. ನಾನೇ ಹೋಗಿ ಹುಡಕೊಂಡು ಬಂದೆ. ನಮ್ಮವ್ವ ಅಂದ್ಳು, ಇರ್ಲಿ ಬಿಡು, ಗುರ್ತಾತು, ಒಂದು ಬಟ್ಟಂದ್ರ ಸಣ್ಣಾಕಿ, ಮೂರಂದ್ರ ದೊಡ್ಡಾಕಿ. ಇಬ್ಬರ ಮಾರಿನೂ ಒಂದೇ ಹಂಗ ಇತ್ತವ್ವಾ. ಮಂದಿ ಗದ್ದ ನೋಡಿ ಮಾತಾಡಸ್ತಿದ್ರು.’

ತಂಗಿಯನ್ನು ಡಾಬಕಾ ಎಂಬ ಹಳ್ಳಿಗೆ ಮದುವೆ ಮಾಡಿ ಕೊಟ್ಟಿದ್ದರು. ಮೂವತ್ತೈದರ ಆಸುಪಾಸಿನಲ್ಲಿ ಕಾಮಾಲೆಯಾಗಿ ತೀರಿಕೊಂಡಳು. ಮಗನಿಗೆ ಮೂರು ವರ್ಷ. ಫೋಟೋ ಅಂತ ಒಂದೂ ಇರಲಿಲ್ಲ. ‘ಮಾರಿನೇ ಮರತೋಗಿತ್ತು’ ಅಂದಳು ಮುದುಕಿ. ‘ಕಣ್ಣು ಮುಚ್ಚಿದ್ರ ಓಡೂದು ಕಾಣ್ತಿತ್ತು, ಬೆನ್ನು. ಮಾರಿ ಬರ್ತಿರಲಿಲ್ಲ. ನೀ ತಂದಿ.’

ಬಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಚಿಕ್ಕವ್ವ ಇದ್ದಳೆಂದು ಗೊತ್ತಿತ್ತು, ಹಚ್ಚೆಯವಳ ಕೈ ಕಚ್ಚಿದ್ದು ಗೊತ್ತಿರಲಿಲ್ಲ ಅಂತ ಆಮೇಲೆ ಹೇಳಿದರು.

ಊಟದ ಹೊತ್ತಾಗಿತ್ತು. ಮುದುಕಿ ನನ್ನ ಹಣೆಯ ವಿಭೂತಿ ನೋಡಿ, ಸ್ವಲ್ಪ ತಡೆದು, ‘ನಮ್ಮ ಮನ್ಯಾಗ ಉಣ್ತೀ ಏನವ್ವಾ?’ ಅಂದಳು. ಆ ಪ್ರಶ್ನೆಯ ಹಿಂದೆ ಎಷ್ಟು ವರ್ಷಗಳಿದ್ದವೆಂದು ನನಗೆ ಗೊತ್ತಿತ್ತು. ‘ಹಸಿವಿ ಆಗ್ಯದ್ರಿ ಆಯಿ’ ಅಂದೆ. ರೊಟ್ಟಿ, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ. ನಾನು ಮೂರನೆಯ ರೊಟ್ಟಿ ಬೇಡವೆಂದಾಗ ಅವಳು ನನ್ನ ಕೈ ಸರಿಸಿ ತಾಟಿಗೆ ಹಾಕಿದಳು.

ಉಂಡ ಮೇಲೆ ಬಾಗಿಲ ಒಳಗೆ ಕೂರಿಸಿದೆ. ಬೆಳಕು ಎಡಗೆನ್ನೆಗೆ ಬಿತ್ತು. ಅವಳು ಆ ವರ್ಷದ ಮಳೆಯ ಬಗ್ಗೆ ಏನೋ ಹೇಳುತ್ತಿದ್ದಳು, ಹೇಳಿ ಮುಗಿಸಿ ಬಾಯಿ ಮುಚ್ಚಿದಳು; ಒತ್ತಿದೆ. ಎಂಟು ಹತ್ತು ತೆಗೆದೆ.

‘ಸುಕ್ಕು ಏನು ಮಾಡ್ಲಿ ಆಯಿ? ಬಿಡ್ಲೇನು?’

‘ಯಾಕ ಬಿಡ್ತಿ? ತಗದುಬಿಡು. ಮುದುಕಿ ಹಂಗ ಯಾರಿಗೆ ಕಾಣಬೇಕಾಗ್ಯದ? ಬಟ್ಟು ಮಾತ್ರ ಮುಟ್ಟಬ್ಯಾಡ.’

‘ಅವ್ವಾ, ಸುಕ್ಕಿದ್ರೇ ಛಲೋ ಕಾಣ್ತದ’ ಅಂದರು ಬಾಯಿ.

‘ನಿಂದು ಬಂದಾಗ ಇಟ್ಟುಕೊ.’

ಮೂವರೂ ನಕ್ಕೆವು. ಹೊರಡುವಾಗ ಮುದುಕಿ ನನ್ನ ಕೈ ಹಿಡಿದು, ತಂಗಿಯ ಫೋಟೋದಲ್ಲಿ ಇನ್ನೂ ಸ್ವಲ್ಪ ಸುಧಾರಣೆ ಆಗಬೇಕು, ತಾನೇ ಬಂದು ಕೂತು ಹೇಳುತ್ತೇನೆ ಅಂದಳು. ಬೀದರಕ್ಕೆ ಎಳೆಯಬೇಡಿ ಅಂತ ಕಾಕಾ ಹೇಳಿದ್ದನ್ನು ನೆನಪಿಸಿದೆ. ‘ಅಂವ ಯಾರು ಹೇಳಾಂವ? ನನ್ನ ಕಾಲು, ಸರ್ಕಾರದ ಬಸ್ಸು’ ಅಂದಳು.

ಹೇಳಿದಂತೆ ಬಂದಳು. ಕಾಕಾ ತಮ್ಮ ಕುರ್ಚಿಯನ್ನೇ ತಂದು ನನ್ನ ಪಕ್ಕ ಹಾಕಿದರು. ಆ ಮಧ್ಯಾಹ್ನದಂಥ ಮಧ್ಯಾಹ್ನ ನನ್ನ ಕೆಲಸದಲ್ಲಿ ಮತ್ತೆ ಬರಲಿಲ್ಲ. ಮೊದಲು ಸೀರೆ. ‘ಹಸರು. ಹಸರಂದ್ರ ಗಿಳಿ ಹಸರಲ್ಲ, ಜ್ವಾಳದ ಎಲಿ ಹಸರು.’ ನಾನು ಬಣ್ಣ ಬದಲಿಸಿದಂತೆ ಅವಳು ಪರದೆಯ ಹತ್ತಿರ ಮೂಗು ತಂದು ನೋಡುವಳು. ಕೂದಲು ಕಪ್ಪು ಮಾಡಿಸಿದಳು. ಮೂಗು ಕೂದಲೆಳೆಯಷ್ಟು ಸಣ್ಣ ಮಾಡಿಸಿದಳು. ಕೆನ್ನೆ ತುಂಬಿಸಿದೆ, ‘ಇಷ್ಟು ಬ್ಯಾಡ, ಆಕಿ ಉಣ್ತಿರಲಿಲ್ಲ’ ಅಂದಳು, ಇಳಿಸಿದೆ. ಬಲ ಹುಬ್ಬಿನ ತುದಿಯಲ್ಲಿ ಸಣ್ಣ ಗಾಯದ ಗುರುತು ಬೇಕೆಂದಳು, ಬಾವಿಕಟ್ಟೆಯ ಮೇಲೆ ಬಿದ್ದದ್ದಂತೆ. ಆವರೆಗೆ ನಾನು ಕಲೆ ಅಳಿಸಿದ್ದೆನೇ ಹೊರತು ಯಾರ ಮುಖಕ್ಕೂ ಕಲೆ ಇಟ್ಟಿರಲಿಲ್ಲ. ಮೂರು ಸಲ ಮಾಡಿ ತೆಗೆದೆ. ನಾಲ್ಕನೆಯ ಸಲಕ್ಕೆ ಅವಳು ಬೆರಳು ಚಾಚಿ ಪರದೆಯ ಮೇಲಿನ ಆ ಹುಬ್ಬು ಮುಟ್ಟಿದಳು.

ಕಣ್ಣಿಗೆ ಇನ್ನಷ್ಟು ಹೊಳಪು ಕೊಡಲೇ ಅಂತ ಕೇಳಿದೆ.

‘ಸಾಕು. ಇನ್ನ ಮಾಡಿದ್ರ ಬ್ಯಾರೆ ಯಾರೋ ಆಗ್ತಾಳ’ ಅಂದಳು.

ಹಿಂದೆ ನಿಂತಿದ್ದ ಕಾಕಾ ಒಮ್ಮೆಯೂ ಕೆಮ್ಮಿರಲಿಲ್ಲ. ಅವಳಿಗೆ ಚಹಾ ತರಿಸಿ, ‘ನಮ್ಮ ಕೆಲಸದಾಗ ಸಾಕು ಅನ್ನೂದು ಕಲೀಲಿಕ್ಕೆ ನನಗ ಹತ್ತು ವರ್ಷ ಹಿಡೀತ್ರಿ’ ಅಂದರು. ಮುದುಕಿ ಬಸಿಯಲ್ಲಿ ಚಹಾ ಸುರಿದುಕೊಂಡು, ‘ನಿಮಗ ತಂಗಿ ಇದ್ದಾರೇನ್ರಿ?’ ಅಂದಳು. ಇದ್ದಾಳೆ, ಅಷ್ಟೂರಿನಲ್ಲಿದ್ದಾಳೆ, ಮಾತು ಬಿಟ್ಟು ನಾಲ್ಕು ವರ್ಷವಾಯಿತು ಅಂದರು ಕಾಕಾ. ಅವಳು ಬಸಿ ಎತ್ತಿ ಚಹಾ ಕುಡಿದಳು. ಮರುದಿನ ಕಾಕಾ ಅಂಗಡಿ ನನಗೆ ಬಿಟ್ಟು ಮಧ್ಯಾಹ್ನ ಎಲ್ಲಿಗೋ ಹೋದರು. ಎಲ್ಲಿಗೆಂದು ನಾನು ಕೇಳಲಿಲ್ಲ. ಬರುವಾಗ ಪೇರಲಹಣ್ಣಿನ ಚೀಲ ಹಿಡಿದು ಬಂದರು. ‘ತಂಗೀ ಹೊಲದ್ದು, ತಗೊ’ ಅಂತ ನನಗೆರಡು ಕೊಟ್ಟರು.

ತಿಂಗಳೊಳಗೆ ಡಾಬಕಾದಿಂದ ಒಬ್ಬ ಗಂಡಸು ಬಂದ. ನಲವತ್ತರ ಸುಮಾರು, ಬಿಸಿಲಿಗೆ ಕಪ್ಪಾದ ಮುಖ, ಒಗೆದ ಬಿಳಿ ಅಂಗಿ. ಸೊಸೈಟಿಯಲ್ಲಿ ಕೆಲಸವಂತೆ. ‘ಎಕಂಬಾದ ದೊಡ್ಡವ್ವ ಕಳಸ್ಯಾಳ್ರಿ. ಹಸರು ಸೀರಿ ಫೋಟೋ ಒಂದು ಕಾಪಿ ಬೇಕು’ ಅಂದ.

ನಾನು ಪರದೆಯ ಮೇಲೆ ತೆರೆದೆ. ಅವನು ನಿಂತೇ ನೋಡಿದ. ಮುಖದಲ್ಲಿ ಏನೂ ಆಗಲಿಲ್ಲ. ಮೂರು ವರ್ಷದ ಮಗುವಿಗೆ ಏನು ನೆನಪಿರುತ್ತದೆ? ಸುಮ್ಮನಿರಬಹುದಿತ್ತು, ಆದರೆ ಆಗಲಿಲ್ಲ.

‘ಅಣ್ಣಾರ, ಒಂದು ಮಾತು ಹೇಳ್ತೇನಿ. ಇದು ಖರೇ ನಿಮ್ಮ ತಾಯಿ ಫೋಟೋ ಅಲ್ರಿ. ನಿಮ್ಮ ದೊಡ್ಡವ್ವಂದು. ನಾ ತಿದ್ದೀನಿ.’

‘ಗೊತ್ತದ್ರಿ. ದೊಡ್ಡವ್ವ ಎಲ್ಲಾ ಹೇಳ್ಯಾಳ.’ ಮತ್ತೆ ಪರದೆಯ ಕಡೆಗೇ ನೋಡುತ್ತಿದ್ದ. ‘ನನ್ನ ಸಣ್ಣ ಮಗಳ ಮೂಗು ಹಿಂಗೇ ಅದ. ಮನ್ಯಾಗ ಎಲ್ಲಾರೂ ಕೇಳ್ತಾರ, ಇದು ಯಾರ ಮೂಗು ಅಂತ. ನಂದಲ್ಲ, ನಮ್ಮಾಕೀದಲ್ಲ. ನಮ್ಮ ಅಪ್ಪಂದೂ ಅಲ್ಲ.’

ಅಂಗಿಯ ಕಿಸೆ ಮುಟ್ಟಿ ನೋಡಿಕೊಂಡು, ‘ಎರಡು ಕಾಪಿ ಮಾಡ್ರಿ. ಒಂದು ಸಣ್ಣದು, ಕಿಸೆದಾಗ ಇಟ್ಟುಕೊಳ್ಳಲಿಕ್ಕೆ’ ಅಂದ.

ಪ್ರಿಂಟ್ ಒಣಗುವವರೆಗೆ ಬಾಗಿಲಲ್ಲಿ ನಿಂತು ಗಲ್ಲಿ ನೋಡುತ್ತಿದ್ದ. ಕಾಕಾ ಸಣ್ಣದನ್ನು ತಾವೇ ಅಂಚು ಕತ್ತರಿಸಿ ಕೊಟ್ಟರು. ಆ ದಿನ ನನ್ನ ಗಾಡಿ ತಪ್ಪಿತು. ಬಸ್ಸಿನಲ್ಲಿ ಭಾಲ್ಕಿಗೆ ಹೋಗುವಾಗ, ಎದುರು ಸೀಟಿನಲ್ಲಿ ನಿದ್ದೆ ಹೋಗಿದ್ದ ಹೆಂಗಸಿನ ಮುಖ ನೋಡುತ್ತಾ ಕೂತಿದ್ದೆ. ಕೆನ್ನೆಯ ಮೇಲೆ ಸುಟ್ಟ ಗುರುತಿತ್ತು. ಒಲೆಯದೋ, ದೀಪದ್ದೋ. ಯಾರೋ ಓಡಿಬಂದು ಅದಕ್ಕೆ ತಣ್ಣೀರು ಹಾಕಿರುತ್ತಾರೆ ಅಂದುಕೊಂಡೆ.

ಮುದುಕಿ ಇನ್ನೂ ಆರು ವರ್ಷ ಇದ್ದಳು. ಆಮೇಲೆ ನನಗೆ ಮದುವೆಯಾಯಿತು, ಅದೂ ಭಾಲ್ಕಿಯಲ್ಲೇ. ಕಾಕಾ ಕೈ ನಡುಗತೊಡಗಿದಾಗ ಸ್ಟುಡಿಯೋ ಮುಚ್ಚಿ, ತಮ್ಮ ಪೆನ್ಸಿಲ್ ಡಬ್ಬಿಯನ್ನು ನನಗೆ ಕೊಟ್ಟರು. ನಾನು ಭಾಲ್ಕಿಯಲ್ಲಿ ಸ್ವಂತ ಅಂಗಡಿ ಇಟ್ಟೆ. ಈಗ ಫೋನುಗಳೇ ಎಲ್ಲವನ್ನೂ ತಿದ್ದಿ ಕೊಡುತ್ತವೆ. ನನ್ನಲ್ಲಿಗೆ ಬರುವುದು ಪಾಸ್‌ಪೋರ್ಟ್ ಸೈಜಿನವರು, ಹರಿದ ಹಳೆಯ ಫೋಟೋ ತರುವವರು. ಅಸಲನ್ನು ಈಗ ಮೂರು ಕಡೆ ಇಡುತ್ತೇನೆ. ಸೇವ್ ಒತ್ತುವ ಚಟ ಮಾತ್ರ ಹೋಗಿಲ್ಲ.

ಕಳೆದ ಬೇಸಿಗೆಯಲ್ಲಿ ಬಾಯಿ ನನ್ನ ಅಂಗಡಿ ಹುಡುಕಿಕೊಂಡು ಬಂದರು. ನಿವೃತ್ತಿಯಾಗಿತ್ತು, ಪಿಂಚಣಿ ಕಾಗದಕ್ಕೆ ಫೋಟೋ ಬೇಕಿತ್ತು. ಸ್ಟೂಲಿನ ಮೇಲೆ ಕೂತು ಸೆರಗು ಸರಿ ಮಾಡಿಕೊಂಡರು. ಕೂದಲು ಪೂರ್ತಿ ಬಿಳಿ. ಡಾಬಕಾದ ಚಿಕ್ಕವ್ವನ ಮಗನ ಮಗಳು ನರ್ಸಿಂಗ್ ಓದುತ್ತಿದ್ದಾಳೆಂದು ಹೇಳುತ್ತಿದ್ದರು. ಮಾತು ಮುಗಿದ ಕೂಡಲೆ ಒತ್ತಿದೆ. ಪರದೆಯ ಮೇಲೆ ಇಬ್ಬರೂ ನೋಡಿದೆವು.

‘ಏನಾರ ತಗೀಲೇನ್ರಿ ಬಾಯಿ?’ ಅಂತ ಕೇಳಿದೆ.

ಅವರು ಕನ್ನಡಕ ಹಾಕಿಕೊಂಡು ತಮ್ಮನ್ನೇ ಬಗ್ಗಿ ನೋಡಿಕೊಂಡರು.

‘ಕಣ್ಣ ಕೆಳಗಿನ ಕಪ್ಪು ತಗಿ’ ಅಂದರು. ‘ಅದು ಸಾಲಿ ಇದ್ದಾಗಿಂದು. ಈಗ ನಿದ್ದಿ ಛಲೋ ಬರ್ತದ.’